ಅರ್ಧ ನಕ್ಕರೂ ಔಟ್

ಕೆರೆಯ ದಡಕ್ಕೆ ಹೊರಡುವ ವಾರ ಲಿಫ್ಟ್ ಮೆಕ್ಯಾನಿಕ್ ತನ್ನ ಅಕ್ಕನಿಗೆ ಫೋನು ಮಾಡಿದ. ಎತ್ತರದ ಕಟ್ಟಡವೊಂದರ ನೆತ್ತಿಯ ಮೇಲಿನ ಮೋಟಾರು ಕೋಣೆಯಲ್ಲಿ ಅವನೊಬ್ಬನೇ ಇದ್ದ. ಬ್ರೇಕು ಬಿಚ್ಚಿ ಒರೆಸಿ ಮತ್ತೆ ಕೂಡಿಸಿಯಾಗಿತ್ತು. ಕೆಳಗೆ ಪ್ರತಿ ಮಹಡಿಯ ಬಾಗಿಲಿಗೂ 'ಕೆಲಸ ನಡೆಯುತ್ತಿದೆ' ಎಂಬ ಬೋರ್ಡು ತೂಗುತ್ತಿತ್ತು. ಗ್ರೀಸಿನ ಕೈಯನ್ನು ಹಳೇ ಬಟ್ಟೆಗೆ ಒರೆಸಿಕೊಂಡು, ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿ, ಮಗಳ ಬಗ್ಗೆ ಎಷ್ಟೋ ದಿನದಿಂದ ಮನಸ್ಸಿನಲ್ಲೇ ತಿರುವಿ ಹಾಕುತ್ತಿದ್ದ ಮಾತನ್ನು ಹೇಳಿದ.

"ಅಕ್ಕಾ, ಗುಬ್ಬಿಯ ಮುಖದ ವಿಷಯ ಅಲ್ಲಿ ಯಾರೂ ಎತ್ತಬಾರದು. ಹೇಗಿದೆ, ವಾಸಿ ಆಯ್ತಾ, ಏನು ಔಷಧಿ, ಒಂದೂ ಕೇಳಬಾರದು."

"ನಾನ್ಯಾಕೆ ಕೇಳ್ಲಿ."

"ನೀನು ಕೇಳಲ್ಲ. ಮಕ್ಕಳು ಕೇಳ್ತಾರೆ. ಕೇಳದೇ ಇದ್ರೂ ಬಿಟ್ಟ ಕಣ್ಣು ಬಿಟ್ಟ ಹಾಗೆ ನೋಡ್ತಾರೆ. ಅವರಿಗೂ ಹೇಳಿಡು. ಫೋಟೋ ಬೇಡ. ಮತ್ತೆ ನೀನು ಆಟ ಆಡಿಸ್ತೀಯಲ್ಲ, ಅದ್ರಲ್ಲಿ ಮುಖದ ಆಟ ಯಾವುದೂ ಬೇಡ."

"ಮುಖ ಇಲ್ಲದ ಆಟ ಯಾವುದಿದೆಯೋ? ಆಟ ಆಡೋದೇ ಒಬ್ಬರ ಮುಖ ಒಬ್ಬರು ನೋಡ್ಕೊಂಡು."

"ನೀನು ಟೀಚರ್ರು. ಹುಡುಕು."

ಅಕ್ಕ ಹೈಸ್ಕೂಲೊಂದರಲ್ಲಿ ಆಟದ ಟೀಚರು. ವರ್ಷಕ್ಕೊಮ್ಮೆ ಎರಡೂ ಸಂಸಾರ ಸೇರಿ ಕಾಡಂಚಿನ ಕೆರೆಯ ದಡದಲ್ಲಿ ಟೆಂಟು ಹಾಕಿ ಎರಡು ದಿನ ಕಳೆಯುವುದು ಅವಳೇ ಹಾಕಿಕೊಟ್ಟ ವಾಡಿಕೆ. ಆಟದ ಸಾಮಾನು ಏನೂ ತರುವಂತಿಲ್ಲ ಎಂಬುದೂ ಅವಳದೇ ಕಾನೂನು. ಚೆಂಡು, ಬ್ಯಾಟು, ಇಸ್ಪೀಟು, ಹಗ್ಗ, ಮಕ್ಕಳ ಕೈಯ ಫೋನು ಎಲ್ಲ ಮನೆಯಲ್ಲೇ. "ಶಾಲೆಯಲ್ಲಿ ಸ್ಟೋರ್ ರೂಮಿನ ಬೀಗದ ಕೈ ಕಳೆದ್ರೆ ಆಟಾನೇ ನಿಂತುಹೋಗುತ್ತೆ. ಇಲ್ಲಿ ಬೀಗವೇ ಇಲ್ಲವಲ್ಲ, ಕೈ ಬೀಸಿಕೊಂಡು ಬನ್ನಿ" ಎನ್ನುತ್ತಿದ್ದಳು. ಬರಿಗೈಯ ಆಟಗಳು ಅವಳಲ್ಲಿ ಮುಗಿಯುತ್ತಲೇ ಇರಲಿಲ್ಲ. ನೆರಳು ತುಳಿಯುವುದು, ಕಣ್ಣು ಮುಚ್ಚಿ ಮುಟ್ಟಿದ ಮರವನ್ನು ಆಮೇಲೆ ಕಣ್ಣು ಬಿಟ್ಟು ಹುಡುಕುವುದು, ಹಿಂದಿರುಗಿ ನೋಡಿದಾಗ ಕಲ್ಲಿನಂತೆ ನಿಲ್ಲುವುದು. ಮಕ್ಕಳು ಹಸಿವೆಯನ್ನೂ ಮರೆತು ಆಡುತ್ತಿದ್ದರು. ಎಲ್ಲರಿಗಿಂತ ಜಾಸ್ತಿ ಗಲಾಟೆ ಗುಬ್ಬಿಯದೇ. ನಕ್ಕರೆ ಕೆರೆಯ ಆಚೆ ದಡಕ್ಕೂ ಕೇಳಿಸುವಂಥ ಹುಡುಗಿ ಅದು.

ಅದು ಹಿಂದಿನ ವರ್ಷದ ಮಾತು. ಆಮೇಲೆ ಬಂದ ಚಳಿಗಾಲದ ಒಂದು ಬೆಳಿಗ್ಗೆ ಗುಬ್ಬಿ ಹಲ್ಲುಜ್ಜಿ ಬಾಯಿ ಮುಕ್ಕಳಿಸುವಾಗ ನೀರು ಎಡಗಡೆಯಿಂದ ತಾನಾಗಿಯೇ ಸೋರಿ ಅಂಗಿ ಒದ್ದೆಯಾಯಿತು. ಚೇಷ್ಟೆ ಮಾಡುತ್ತಿದ್ದಾಳೆಂದು ಅಪ್ಪ ಗದರಿದ. ಅವಳು ತಿರುಗಿ ನೋಡಿದಳು. ಅರ್ಧ ಮುಖ ಹೆದರಿತ್ತು. ಇನ್ನರ್ಧಕ್ಕೆ ಏನೂ ಗೊತ್ತೇ ಇರಲಿಲ್ಲ.

ಮುಖದ ನರ ಊದಿಕೊಂಡಿದೆ, ಬಹಳ ಮಕ್ಕಳಿಗೆ ಕೆಲವೇ ವಾರಗಳಲ್ಲಿ ಸರಿಹೋಗುತ್ತದೆ ಎಂದರು ಡಾಕ್ಟರು. ಗುಬ್ಬಿಗೆ ಸರಿಹೋಗಲಿಲ್ಲ. ಮಾತ್ರೆ ಮುಗಿಯಿತು, ವ್ಯಾಯಾಮ ನಡೆಯಿತು, ಇನ್ನೊಬ್ಬ ಡಾಕ್ಟರನ್ನು ನೋಡಿದ್ದಾಯಿತು. ಸ್ವಲ್ಪ ಚೇತರಿಸಿಕೊಂಡಿತು, ಅಲ್ಲಿಗೆ ನಿಂತಿತು. ಎಡಗಣ್ಣು ಪೂರ್ತಿ ಮುಚ್ಚುತ್ತಿರಲಿಲ್ಲ; ಮಲಗುವ ಮುಂಚೆ ಹನಿ ಹಾಕಿ ರೆಪ್ಪೆಗೆ ತೆಳ್ಳನೆಯ ಟೇಪು ಅಂಟಿಸಬೇಕಿತ್ತು. ತುಟಿಯ ಎಡ ಅಂಚು ಜೋತುಬಿದ್ದಿತ್ತು. ನಗು ಬಂದರೆ ಮುಖ ಬಲಕ್ಕೆ ಎಳೆದುಕೊಂಡು ಹೋಗುತ್ತಿತ್ತು. ಶಾಲೆಯಲ್ಲಿ ಯಾರೋ ಅದನ್ನು ಮಾಡಿ ತೋರಿಸಿದರಂತೆ. ಮೊದಮೊದಲು ಗುಬ್ಬಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಆಮೇಲೆ ಕೈ ಅಡ್ಡ ಹಿಡಿಯುವ ಅಗತ್ಯವೇ ಬೀಳಲಿಲ್ಲ.

ಮೆಕ್ಯಾನಿಕ್ ತನಗೆ ತೋಚಿದ ಹಾಗೆ ಮಗಳಿಗೆ ಕಾವಲು ನಿಂತ. ನೆಂಟರಿಗೆ, ಪಕ್ಕದ ಮನೆಯವರಿಗೆ, ಕ್ಲಾಸ್ ಟೀಚರಿಗೆ, ಎಲ್ಲರಿಗೂ ಒಂದೇ ತಾಕೀತು: ಮುಖದ ಮಾತು ಬೇಡ. ತಾನೂ ಎತ್ತುತ್ತಿರಲಿಲ್ಲ. ಲಿಫ್ಟಿನೊಳಗೆ ಸಿಕ್ಕಿಬಿದ್ದವರ ಜೊತೆ ಬಾಗಿಲಿನಾಚೆ ನಿಂತು ಗಂಟೆಗಟ್ಟಲೆ ಮಾತಾಡಿ ಧೈರ್ಯ ತುಂಬುವವನು, ಮಗಳ ಕಣ್ಣಿಗೆ ಹನಿ ಹಾಕುವಾಗ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಆಗ ಕಣ್ಣನ್ನಷ್ಟೇ ನೋಡುತ್ತಿದ್ದ. ಉಳಿದ ಹೊತ್ತು ಅವಳ ಜಡೆಯ ಕಡೆಗೋ ಕೈಯ ಕಡೆಗೋ ನೋಡಿ ಮಾತಾಡುತ್ತಿದ್ದ. ಹಾಗೆ ಮಾಡುತ್ತಿದ್ದೇನೆಂದು ಅವನಿಗೇ ಗೊತ್ತಿರಲಿಲ್ಲ.

ಹೆಂಡತಿಗೆ ಗೊತ್ತಿತ್ತು. ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತು ದಿನಕ್ಕೆ ನೂರು ಥರದ ಕಾಯಿಲೆಯವರ ಜೊತೆ ಮುಖ ಕೊಟ್ಟು ಮಾತಾಡುವವಳು ಆಕೆ. "ಲಿಫ್ಟಿಗೆ ಬೋರ್ಡು ತಗಲಿಸೋ ಹಾಗೆ ಮಗು ಮುಖಕ್ಕೂ ತಗಲಿಸಿಬಿಟ್ರಿ" ಎಂದಿದ್ದಳು ಒಮ್ಮೆ. ಅವನಿಗೆ ಸಿಟ್ಟು ಬಂದಿತ್ತು. ಎರಡು ದಿನ ಅವರ ನಡುವೆ ಮಾತಿರಲಿಲ್ಲ.

ಕೆರೆಯ ದಡಕ್ಕೆ ಅವರು ತಲುಪಿದಾಗ ಅಕ್ಕನ ಟೆಂಟು ಆಗಲೇ ಎದ್ದು ನಿಂತಿತ್ತು. ಬಸ್ ಡ್ರೈವರಾಗಿದ್ದ ಭಾವ ಕಲ್ಲು ಜೋಡಿಸಿ ಟೀಗೆ ನೀರಿಟ್ಟಿದ್ದ. ಅಕ್ಕನ ಮಕ್ಕಳಿಬ್ಬರೂ ಓಡಿಬಂದರು. ದೊಡ್ಡವನಿಗೆ ಹನ್ನೊಂದು ವರ್ಷ. ಯಾವ ಆಟದಲ್ಲೂ ನಿಯಮ ಬಿಡದೆ ವಾದಕ್ಕಿಳಿಯುತ್ತಿದ್ದುದರಿಂದ ಮನೆಯವರೆಲ್ಲ ಅವನನ್ನು ವಕೀಲ ಎಂದೇ ಕರೆಯುತ್ತಿದ್ದರು. ಚಿಕ್ಕವಳು ಪುಟಾಣಿ, ಇನ್ನೂ ಐದು ತುಂಬಿರಲಿಲ್ಲ.

"ಬಂದ್ಯಾ ಗುಬ್ಬಿ" ಎಂದ ವಕೀಲ, ಅವಳ ಹೆಗಲ ಮೇಲಿದ್ದ ಚೀಲಕ್ಕೆ. ಪುಟಾಣಿ ಬಾಯಿ ತೆರೆದು ಗುಬ್ಬಿಯ ಮುಖವನ್ನೇ ನೋಡುತ್ತ ನಿಂತಳು. ಅಣ್ಣ ಅವಳ ತೋಳನ್ನು ಮೆಲ್ಲಗೆ ಚಿವುಟಿದ. ಅವಳು "ಆ" ಎಂದು ತೋಳು ಉಜ್ಜಿಕೊಂಡಳು. ದೂರದಿಂದ ನೋಡಿದ ಮೆಕ್ಯಾನಿಕ್, ಅಕ್ಕ ಹೇಳಿಟ್ಟಿದ್ದಾಳೆ ಎಂದು ನೆಮ್ಮದಿಪಟ್ಟ.

ಮೊದಲು ಮರದ ಆಟ. ಒಬ್ಬರು ಕಣ್ಣು ಮುಚ್ಚಬೇಕು, ಇನ್ನೊಬ್ಬರು ಕೈಹಿಡಿದು ಯಾವುದಾದರೊಂದು ಮರದ ಹತ್ತಿರ ಕರೆದೊಯ್ಯಬೇಕು. ತೊಗಟೆ, ಗಂಟು, ಬೇರು ಎಲ್ಲ ಸವರಿ ನೋಡಿ, ವಾಪಸ್ ಬಂದು ಗಿರಗಿರ ಸುತ್ತಿ, ಕಣ್ಣು ಬಿಟ್ಟು ಅದೇ ಮರವನ್ನು ಹುಡುಕಬೇಕು. ಕಣ್ಣಿಗೆ ಬಟ್ಟೆ ಕಟ್ಟುವುದಿಲ್ಲ. ನಿಯತ್ತಿನ ಮೇಲೆ ನಡೆಯುವ ಆಟ. ಗುಬ್ಬಿಯ ಸರದಿ ಬಂದಾಗ ಕೈಹಿಡಿಯಲು ವಕೀಲ ಬಂದ, ಅವಳು ಕಣ್ಣು ಮುಚ್ಚಿದಳು. ಎಡಗಣ್ಣಿನ ರೆಪ್ಪೆಯ ಕೆಳಗೆ ಬಿಳಿ ಗೆರೆಯೊಂದು ತೆರೆದೇ ಇತ್ತು. ಬೇರೆ ಯಾವ ವರ್ಷವಾದರೂ ವಕೀಲ ಇಷ್ಟಕ್ಕೇ ಕೋರ್ಟು ಕೂಡಿಸುತ್ತಿದ್ದ. ಈಗ ಗಂಟಲಿಗೆ ಬಂದದ್ದನ್ನು ನುಂಗಿಕೊಂಡ. ಗುಬ್ಬಿ ತಾನೇ ಎಡ ಅಂಗೈಯನ್ನು ಕಣ್ಣಿನ ಮೇಲಿಟ್ಟುಕೊಂಡು, "ಈಗ ಸರೀನಾ? ನಡಿ" ಎಂದಳು. ಹೋಗಿ ಬಂದು, ಸುತ್ತಿ, ಕಣ್ಣು ಬಿಟ್ಟು ಒಂದು ಮರದ ಹತ್ತಿರ ಹೋಗಿ ನಿಂತಳು. "ಕರೆಕ್ಟ್, ಇದೇ" ಎಂದ ವಕೀಲ, ಅವಳು ಮುಟ್ಟುವ ಮೊದಲೇ.

ಬಿಸಿಲು ಇಳಿಮುಖವಾದಾಗ ನೆರಳು ತುಳಿಯುವ ಆಟ. ನೆರಳುಗಳು ಉದ್ದುದ್ದ ಚಾಚಿದ್ದವು. ಶಾಲೆಯ ಓಟದಲ್ಲಿ ಯಾರಿಗೂ ಸಿಗದ ವಕೀಲ ಗುಬ್ಬಿಗೆ ಮತ್ತೆ ಮತ್ತೆ ಸಿಕ್ಕಿಬಿದ್ದ. "ಅಯ್ಯೋ, ತುಳಿದೇಬಿಟ್ಲು" ಎಂದು ಪ್ರತಿಸಲವೂ ತಲೆಯ ಮೇಲೆ ಕೈಹೊತ್ತ.

"ನೋಡು, ಎಷ್ಟು ಚೆನ್ನಾಗಿ ಆಡ್ತಿದಾಳೆ" ಎಂದ ಮೆಕ್ಯಾನಿಕ್, ಟೆಂಟಿನ ಗೂಟ ಬಡಿಯುವುದನ್ನು ನಿಲ್ಲಿಸಿ.

"ಅವಳೆಲ್ಲಿ ಆಡ್ತಿದಾಳೆ" ಎಂದಳು ಹೆಂಡತಿ. "ಅವರು ಆಡಿಸ್ತಿದಾರೆ."

ಅವಳ ಮಾತು ಮುಗಿಯುವುದರೊಳಗೆ ಗುಬ್ಬಿ ಆಟ ಬಿಟ್ಟು ಬಂದಳು. ಕಾಲು ನೋಯುತ್ತಿದೆ ಎಂದಳು. ಯಾವ ಕಾಲು ಎಂದು ಅಮ್ಮ ಕೇಳಿದರೆ, ಎರಡೂ ಎಂದಳು. ಟೆಂಟಿನೊಳಗೆ ಹೋಗಿ ಗೋಡೆಯ ಬಟ್ಟೆಯ ಕಡೆಗೆ ಮುಖಮಾಡಿ ಮಲಗಿದವಳು ಊಟಕ್ಕೆ ಕರೆದಾಗಲೇ ಎದ್ದದ್ದು.

ಮಾರನೆಯ ಬೆಳಿಗ್ಗೆ ಅವಳು ಯಾವ ಆಟಕ್ಕೂ ಬರಲಿಲ್ಲ. ಕೆರೆಯಂಚಿನಲ್ಲಿ ಒಬ್ಬಳೇ ಕೂತು ನೀರಿಗೆ ಕಲ್ಲೆಸೆಯುತ್ತಿದ್ದಳು. ವಕೀಲ ಹತ್ತಿರ ಹೋಗಿ ಏನೋ ಕೇಳಿ, ತಲೆ ತಗ್ಗಿಸಿಕೊಂಡು ವಾಪಸ್ ಬಂದ. ಅಕ್ಕ ತಮ್ಮನ ಪಕ್ಕ ಬಂದು ಕೂತಳು.

"ಇನ್ನು ನನ್ನ ಹತ್ರ ಆಟ ಇಲ್ಲ ಕಣೋ" ಎಂದಳು. "ಮಕ್ಕಳಿಗೆ ಓಡು ಅನ್ನಬಹುದು, ನಿಲ್ಲು ಅನ್ನಬಹುದು. ನೋಡಬೇಡ ಅಂತ ಹೇಳಿ ಆಡಿಸೋದು ಹೇಗೆ ಅಂತ ನನಗೆ ಯಾರೂ ಕಲಿಸಿಲ್ಲ. ವಕೀಲ ರಾತ್ರಿ ಅತ್ತ. ಬಾಯ್ತಪ್ಪಿ ಏನಾದ್ರೂ ಅಂದುಬಿಡ್ತೀನೇನೋ ಅಂತ ಭಯವಂತೆ ಅವನಿಗೆ."

ಮೆಕ್ಯಾನಿಕ್ ಬ್ರೆಡ್ಡಿನ ತುಣುಕನ್ನು ಟೀಯಲ್ಲಿ ಅದ್ದಿ, ತಿನ್ನದೆ ಹಾಗೇ ಹಿಡಿದುಕೊಂಡಿದ್ದ. ಅದು ಮೆತ್ತಗಾಗಿ ಲೋಟದೊಳಗೇ ಕಳಚಿಬಿತ್ತು.

ಮಧ್ಯಾಹ್ನ ಊಟ ಮುಗಿಸಿ ಎಲ್ಲರೂ ಮರದಡಿ ಕೂತಿದ್ದರು. ಬಿಸಿಲಿಗೆ ಓಡುವ ಆಟ ಆಗುವ ಹಾಗಿರಲಿಲ್ಲ. ಸುಮ್ಮನೆ ಕೂರಲಾರದ ಪುಟಾಣಿ, "ಅಮ್ಮಾ, ನಗಬಾರದು ಆಡೋಣ" ಎಂದಳು.

'ನಗಬಾರದು' ಹಿಂದಿನ ವರ್ಷ ಅಕ್ಕನೇ ಕಲಿಸಿದ ಆಟ. ಇಬ್ಬರು ಎದುರುಬದುರು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರಬೇಕು. ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು. ಒಬ್ಬರು ನಗಿಸಬೇಕು, ಇನ್ನೊಬ್ಬರು ನಗದೆ ಇರಬೇಕು. ಮುಟ್ಟುವಂತಿಲ್ಲ, ಕಣ್ಣು ತಪ್ಪಿಸುವಂತಿಲ್ಲ. ಹಲ್ಲು ಕಂಡರೆ ಅಥವಾ ತುಟಿಯ ಅಂಚು ಮೇಲೆದ್ದರೆ ಔಟ್.

"ಅದು ಬೇಡ ಮರಿ, ಬೇರೆ ಯಾವುದಾದ್ರೂ..." ಎನ್ನುತ್ತ ಅಕ್ಕ ತಮ್ಮನತ್ತ ನೋಡಿದಳು.

"ಯಾಕೆ ಬೇಡ ಅತ್ತೆ" ಎಂದಳು ಗುಬ್ಬಿ. ಬೆಳಿಗ್ಗೆಯಿಂದ ಅವಳು ಆಡಿದ ಮೊದಲ ಪೂರ್ತಿ ಮಾತು ಅದು. "ಆಡೋಣ."

ಪುಟಾಣಿ ಗುಬ್ಬಿಯ ಎದುರಿಗೆ ಕೂತು ಮೂಗಿನ ಹೊಳ್ಳೆ ಅರಳಿಸಿ, ಕಿವಿ ಎಳೆದುಕೊಂಡು, ಕೊನೆಗೆ ತನ್ನ ಕಸರತ್ತಿಗೆ ತಾನೇ ನಕ್ಕು ಉರುಳಿಬಿದ್ದಳು. ಭಾವ ಬಸ್ಸಿನ ಹಾರನ್ನಿನ ಸದ್ದನ್ನೆಲ್ಲ ಮಾಡಿದ. ಗುಬ್ಬಿ ಕದಲಲಿಲ್ಲ. ಆಮೇಲೆ ವಕೀಲ ಬಂದು ಕೂತ. ಕಣ್ಣಲ್ಲಿ ಕಣ್ಣಿಡಬೇಕೆಂಬುದು ನಿಯಮ. ನಿಯಮದ ಮುಂದೆ ಅವನು ಬೇರೆ ಯಾವ ತಾಕೀತಿಗೂ ಬಗ್ಗುವವನಲ್ಲ. ಎರಡು ದಿನದಲ್ಲಿ ಮೊದಲ ಬಾರಿ ಅವಳನ್ನು ನೆಟ್ಟಗೆ ನೋಡಿದ. ಆಮೇಲೆ ಮೆಲ್ಲಗೆ ಎಡಗಿವಿಯನ್ನು ಗಾಳಿಯಲ್ಲಿರುವ ಲಿಫ್ಟ್ ಬಾಗಿಲಿಗೆ ಒತ್ತಿದ. ನಾಲಿಗೆಯ ತುದಿ ಹೊರಗೆ ಚಾಚಿತು. ಹುಬ್ಬು ಗಂಟಾಯಿತು. ಇಲ್ಲದ ಬಟನ್ನೊಂದನ್ನು ಒತ್ತಿ, "ಹ್ಞೂಂ, ಕರಕರ ಅಂತಿದೆ. ಎಣ್ಣೆ ಬಿಟ್ಟಿಲ್ಲ ನನ್ಮಕ್ಳು" ಎಂದು ಗೊಣಗಿದ.

ಅಚ್ಚು ಅವನ ಮಾಮನೇ. ಮೆಕ್ಯಾನಿಕ್ಕನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಗುಬ್ಬಿಯ ತುಟಿಯ ಬಲ ಅಂಚು ನಡುಗಿತು. ತಡೆದಳು. ಮತ್ತೆ ನಡುಗಿ, ಮೇಲೆದ್ದೇಬಿಟ್ಟಿತು. ಬಲಗೆನ್ನೆ ಉಬ್ಬಿತು.

"ನಕ್ಲು. ಔಟ್" ಎಂದ ವಕೀಲ. ಬಾಯಿಂದ ಬಿದ್ದದ್ದೇ ತಡ ಅವನ ಮುಖ ಬಿಳುಚಿತು.

"ಇಲ್ಲ, ಔಟಿಲ್ಲ" ಎಂದು ಪುಟಾಣಿ ಎದ್ದು ಬಂದು ಗುಬ್ಬಿಯ ಎಡಗೆನ್ನೆಗೆ ಬೆರಳು ತೋರಿಸಿದಳು. "ನೋಡು, ಗುಬ್ಬಕ್ಕ ಈ ಕಡೆ ನಕ್ಕೇ ಇಲ್ಲ."

ಮೆಕ್ಯಾನಿಕ್ ಎದ್ದು ನಿಂತ. "ಸಾಕು ಆಟ. ಏಳಿ ಎಲ್ಲ. ಬಾ ಗುಬ್ಬಿ, ನೀರಿನ ಹತ್ರ ಹೋಗೋಣ."

"ಅಪ್ಪ, ನೀನು ಕೂತ್ಕೋ" ಎಂದಳು ಗುಬ್ಬಿ. ದನಿ ಏರಿಸಲಿಲ್ಲ. "ನ್ಯಾಯ ಇನ್ನೂ ತೀರ್ಮಾನ ಆಗಿಲ್ಲ."

ಅವನು ನಿಂತೇ ಇದ್ದ. ಹೆಂಡತಿ ಅವನ ಅಂಗಿಯ ತುದಿ ಹಿಡಿದು ಕೆಳಗೆ ಎಳೆದಳು. ಕೂತ.

"ಹೇಳೋ ವಕೀಲ" ಎಂದಳು ಗುಬ್ಬಿ. "ಅರ್ಧ ನಕ್ಕರೆ ಔಟಾ?"

ವಕೀಲ ಅಮ್ಮನ ಮುಖ ನೋಡಿದ, ಮಾಮನ ಮುಖ ನೋಡಿದ. ಯಾರಿಂದಲೂ ಅಪ್ಪಣೆ ಸಿಗಲಿಲ್ಲ. "ನಿಯಮದಲ್ಲಿ ಅರ್ಧ ಅಂತ ಏನೂ ಇಲ್ಲ" ಎಂದ ಸಣ್ಣ ದನಿಯಲ್ಲಿ. "ಒಂದೋ ಔಟ್, ಇಲ್ಲಾ ಔಟಲ್ಲ."

"ತುಟಿ ಅಂಚು ಎದ್ದರೆ ಔಟ್ ಅಂತ ತಾನೆ? ಅಂಚು ಎರಡಿದೆ. ಒಂದು ಎದ್ರೆ ಸಾಕಾ, ಎರಡೂ ಏಳ್ಬೇಕಾ?"

"ಅದನ್ನ ಮೊದಲೇ ಹೇಳಿಲ್ಲ."

"ಎರಡೂ ಏಳ್ಬೇಕು ಅಂದ್ರೆ ನನ್ನನ್ನ ಯಾರೂ ಯಾವತ್ತೂ ಔಟ್ ಮಾಡಕ್ಕಾಗಲ್ಲ" ಎಂದಳು ಗುಬ್ಬಿ. "ನನ್ನ ಎಡಗಡೆ ಏಳಲ್ಲ. ಆಗ ಆಟ ಆಡೋದೇ ದಂಡ. ಹಾಗಾಗಿ ನನಗೆ ಬಲಗಡೆ ಒಂದೇ ಲೆಕ್ಕ. ಬಲಗಡೆ ಎದ್ದಿದೆ. ನಾನು ಔಟ್."

"ನೀನು ಔಟಲ್ಲ ಅಂತ ನಾನು..."

"ಔಟು ಅಂದೆನಲ್ಲ. ನಿನ್ನೆಯಿಂದ ಬರೀ ಗೆಲ್ಲಿಸ್ತಾನೇ ಇದ್ದೀಯ. ಒಂದ್ಸಲ ಸರಿಯಾಗಿ ಔಟ್ ಮಾಡೋ, ಮಹರಾಯ."

ವಕೀಲ ತುಂಬ ಹೊತ್ತು ಯೋಚಿಸಿದ. ಆಮೇಲೆ ಕೋರ್ಟಿನಲ್ಲಿ ತೀರ್ಪು ಓದುವವನಂತೆ, "ಸರಿ. ಅರ್ಧ ನಕ್ಕರೂ ಔಟ್. ಗುಬ್ಬಿ ಔಟ್" ಎಂದ.

ಆಗ ಗುಬ್ಬಿ ನಕ್ಕಳು. ಮುಖ ಪೂರ್ತಿ ಬಲಕ್ಕೆ ಎಳೆದುಕೊಂಡು ಹೋಯಿತು, ಎಡಗಣ್ಣಿನಿಂದ ನೀರು ಸುರಿಯಿತು, ಕೈ ಮಾತ್ರ ಮಡಿಲಲ್ಲೇ ಇತ್ತು. ಸದ್ದು ಮೊದಲಿನದೇ. ಆಚೆ ದಡದಲ್ಲಿ ಹಕ್ಕಿಗಳೆರಡು ಎದ್ದು ಹಾರಿದವು. ಪುಟಾಣಿ ಏನೂ ಅರ್ಥವಾಗದೆ ತಾನೂ ಸೇರಿಕೊಂಡಳು. ಮೆಕ್ಯಾನಿಕ್ ಮಾತ್ರ ನೆಲ ನೋಡುತ್ತ ಕೂತಿದ್ದ.

"ಈಗ ಅಪ್ಪನ ಸರದಿ" ಎಂದಳು ಗುಬ್ಬಿ. "ನಾನು ನಗಿಸ್ತೀನಿ. ಬಾ."

"ನನಗೆಲ್ಲಿ ಆಟ ಬರುತ್ತೆ ಪುಟ್ಟಾ."

"ಏನೂ ಬರಬೇಕಾಗಿಲ್ಲ. ಕೂತ್ಕೊಂಡು ನನ್ನ ನೋಡಿದ್ರೆ ಸಾಕು."

ಅವನು ಹೋಗಿ ಕೂತ. ಮೊಣಕಾಲಿಗೆ ಮೊಣಕಾಲು ತಾಗಿತು. ಕಣ್ಣೆತ್ತಿ ಮಗಳನ್ನು ನೋಡಿದ. ಚಳಿಗಾಲದ ಆ ಬೆಳಿಗ್ಗೆಯ ನಂತರ ಅವನು ಆ ಮುಖವನ್ನು ಇಡಿಯಾಗಿ ನೋಡಿರಲೇ ಇಲ್ಲ. ಹುಬ್ಬಿನ ನಡುವೆ ಹೊಸದೊಂದು ಮಚ್ಚೆ ಮೂಡಿತ್ತು. ಅದು ಯಾವಾಗ ಬಂತೆಂದು ಗೊತ್ತಿರಲಿಲ್ಲ. ಮುಂಗುರುಳಿನ ಹತ್ತಿರ ಸಣ್ಣ ಗಾಯದ ಗುರುತಿತ್ತು. ಯಾವಾಗ ಬಿದ್ದಳೆಂದು ಗೊತ್ತಿರಲಿಲ್ಲ. ಕೆನ್ನೆಯ ಮಗುತನ ಕಳೆದು ಮುಖ ಉದ್ದವಾಗಿತ್ತು, ಅವನ ತಾಯಿಯದೇ ಗದ್ದ ಬಂದಿತ್ತು. ಅರ್ಧ ಮುಖಕ್ಕೆ ಹೆದರಿ ಇದೆಲ್ಲವನ್ನೂ ಕಳೆದುಕೊಂಡಿದ್ದೆನಲ್ಲ ಎನಿಸಿತು.

ಗುಬ್ಬಿ ಗಾಳಿ ತುಂಬಿ ಎರಡೂ ಕೆನ್ನೆ ಉಬ್ಬಿಸಲು ನೋಡಿದಳು. ಬಲಗೆನ್ನೆ ಉಬ್ಬಿತು, ಎಡಗಡೆಯಿಂದ ಗಾಳಿ ಪುಸ್ಸೆಂದು ಸೋರಿಹೋಯಿತು. ಮತ್ತೆ ಉಬ್ಬಿಸಿದಳು, ಮತ್ತೆ ಪುಸ್ಸೆಂದಿತು. ಪಂಕ್ಚರಾದ ಸೈಕಲ್ಲಿಗೆ ಗಾಳಿ ಹೊಡೆಯುವವಳ ಹಾಗೆ ಕೈಯಾಡಿಸುತ್ತ ಇನ್ನೊಮ್ಮೆ. ಅದು ಡಾಕ್ಟರು ಹೇಳಿಕೊಟ್ಟ ವ್ಯಾಯಾಮ. ಈಚೆಗೆ ಮನೆಯಲ್ಲಿ ಅಮ್ಮ ಎಷ್ಟು ಗೋಗರೆದರೂ ಮಾಡದೆ ಬಿಟ್ಟದ್ದು.

ಅವನು ನಗಲಿಲ್ಲ. ಕಣ್ಣು ತಪ್ಪಿಸಲೂ ಇಲ್ಲ. ಕಣ್ಣಿನಿಂದ ನೀರು ಇಳಿದು ಮೀಸೆಯೊಳಗೆ ಸೇರಿತು.

"ಮಾಮ ಔಟ್" ಎಂದಳು ಪುಟಾಣಿ.

"ಇಲ್ಲ" ಎಂದ ವಕೀಲ. "ಅಳೋದು ಔಟಲ್ಲ. ಆಟ ಮುಂದುವರಿಸಿ."

"ಅಪ್ಪ, ಅಳಬೇಡ. ಆಟ ಕೆಡುತ್ತೆ" ಎಂದಳು ಗುಬ್ಬಿ, ಬೇಸರದಿಂದಲೇ. ಅವನು ತೋಳಿನಿಂದ ಮುಖ ಒರೆಸಿಕೊಂಡ, ನೆಟ್ಟಗೆ ಕೂತ. ಅವಳು ಬಿಡಲಿಲ್ಲ. ಅವನು ನಗುವವರೆಗೂ ಗಾಳಿ ಹೊಡೆದಳು.

ಸಂಜೆ ಅವಳು ಪಾತ್ರೆ ತೊಳೆಯಲು ಅಪ್ಪನ ಜೊತೆ ನೀರಿನ ಬಳಿ ಬಂದಳು. ಅವನು ಮರಳು ಹಾಕಿ ಉಜ್ಜಿಕೊಟ್ಟದ್ದನ್ನು ಅವಳು ಜಾಲಿಸುತ್ತಿದ್ದಳು.

"ನೀನು ಎಲ್ಲರಿಗೂ ಫೋನ್ ಮಾಡಿ ಹೇಳಿದ್ದು ನನಗೆ ಗೊತ್ತು" ಎಂದಳು.

ಅವನ ಕೈ ನಿಂತಿತು. "ಯಾರು ಹೇಳಿದ್ದು? ಅತ್ತೆನಾ?"

"ಯಾರೂ ಹೇಳಿಲ್ಲ. ಎಲ್ಲರೂ ನನ್ನ ಚೀಲದ ಜೊತೆ, ನನ್ನ ಚಪ್ಪಲಿ ಜೊತೆ ಮಾತಾಡ್ತಿದ್ರೆ ಗೊತ್ತಾಗಲ್ವಾ? ನಿನ್ನೆ ಮರದ ಆಟದಲ್ಲಿ ನಾನು ಬೇಕಂತಲೇ ಬೇರೆ ಮರದ ಹತ್ರ ಹೋಗಿ ನಿಂತೆ. ನನ್ನ ಮರದಲ್ಲಿ ಇಷ್ಟು ದಪ್ಪ ಗಂಟಿತ್ತು, ಅದು ಬೋಳು ಮರ. ಆದ್ರೂ ವಕೀಲ ಕರೆಕ್ಟ್ ಅಂದ."

ಮೆಕ್ಯಾನಿಕ್ ಪಾತ್ರೆಯ ತಳವನ್ನು ಸುಮ್ಮನೆ ಉಜ್ಜಿದ.

"ಶಾಲೇಲಿ ನನ್ನ ಥರ ಮಾಡಿ ತೋರಿಸ್ತಾರಲ್ಲ, ಅವರ ಮೇಲೆ ಕೋಪ ಬರುತ್ತೆ" ಎಂದಳು ಗುಬ್ಬಿ. "ಆದ್ರೆ ಅವರು ನನ್ನ ನೋಡ್ತಾರೆ ಅಪ್ಪ. ಸರಿಯಾಗಿ ನೋಡ್ದೇ ಹಾಗೆ ಮಾಡಕ್ಕಾಗಲ್ಲ. ಮನೇಲೇ ಯಾರೂ ನೋಡಲ್ಲ."

"ನಿಂಗೆ ನೋವಾಗಬಾರದು ಅಂತ..."

"ಗೊತ್ತು."

ಅಷ್ಟೇ ಅಂದಳು. ತೊಳೆದ ಪಾತ್ರೆಗಳನ್ನು ಒಂದರೊಳಗೊಂದು ಇಟ್ಟಳು. ಅವನು ಅವಳ ಮುಖ ನೋಡಿ, "ಹುಬ್ಬಿನ ಹತ್ರ ಮಚ್ಚೆ ಬಂದಿದೆ ನಿಂಗೆ" ಎಂದ.

"ಅದು ಬಂದು ಎಷ್ಟು ದಿನ ಆಯ್ತೋ" ಎಂದಳು ಅವಳು.

ಹೊರಡುವ ಬೆಳಿಗ್ಗೆ ಪಕ್ಕದಲ್ಲಿ ಹೊಸದೊಂದು ಕುಟುಂಬ ಬಂದು ಟೆಂಟು ಹಾಕುತ್ತಿತ್ತು. ಅವರ ಮಗಳು ಗುಬ್ಬಿಯ ವಯಸ್ಸಿನವಳೇ ಇರಬೇಕು, ಹಳದಿ ಟೋಪಿಯ ಹುಡುಗಿ. ಕಲ್ಲಿನಂತೆ ನಿಲ್ಲುವ ಆಟ ಆಡುತ್ತಿದ್ದ ಮೂವರನ್ನೂ ಸ್ವಲ್ಪ ದೂರ ನಿಂತು ನೋಡಿದಳು, ಆಮೇಲೆ ಹತ್ತಿರ ಬಂದಳು. ಮೆಕ್ಯಾನಿಕ್ ಟೆಂಟಿನ ಹಗ್ಗ ಬಿಚ್ಚುತ್ತಿದ್ದ. ಆ ಹುಡುಗಿ ಗುಬ್ಬಿಯನ್ನು ನೋಡಿದ ರೀತಿಯಲ್ಲೇ ಅವನಿಗೆ ಪ್ರಶ್ನೆ ಮೊದಲೇ ಕೇಳಿಸಿಬಿಟ್ಟಿತು. ಕಾಲು ತಾನಾಗಿ ಆ ಕಡೆ ಹೊರಟಿತು. ಎರಡು ಹೆಜ್ಜೆ ಇಟ್ಟವನು ನಿಂತುಕೊಂಡ.

"ನಿನ್ನ ಬಾಯಿ ಯಾಕೆ ಹಾಗಿದೆ?"

"ಮುಖದ ಒಂದು ಕಡೆ ನರ ಕೆಲಸ ಮಾಡ್ತಿಲ್ಲ" ಎಂದಳು ಗುಬ್ಬಿ.

"ಯಾವಾಗ ಸರಿಹೋಗುತ್ತೆ?"

"ಗೊತ್ತಿಲ್ಲ. ಹೋಗದೇನೂ ಇರಬಹುದು. ಆಟಕ್ಕೆ ಬರ್ತೀಯಾ?"

"ಅಂಟುತ್ತಾ ಅದು?"

"ಇಲ್ಲ. ಅಂಟೋದಾಗಿದ್ರೆ ಮೊದಲು ಇವನಿಗೆ ಅಂಟಿಸ್ತಿದ್ದೆ" ಎಂದು ವಕೀಲನನ್ನು ತೋರಿಸಿದಳು.

ಹಳದಿ ಟೋಪಿಯ ಹುಡುಗಿಗೆ ನಗು ಬಂತು. "ಅಮ್ಮನ್ನ ಕೇಳ್ಕೊಂಡು ಬರ್ತೀನಿ" ಎಂದು ಓಡಿದಳು. ಟೆಂಟಿನ ಹತ್ತಿರ ತಾಯಿ ಬಗ್ಗಿ ಕೇಳಿಸಿಕೊಂಡಳು, ತಲೆಯೆತ್ತಿ ಈ ಕಡೆ ನೋಡಿದಳು, ಮಗಳ ಕೈಗೆ ಏನೋ ಚೀಲ ಕೊಟ್ಟು ಒಳಗೆ ಕಳಿಸಿದಳು. ಹುಡುಗಿ ಮತ್ತೆ ಹೊರಗೆ ಬರಲಿಲ್ಲ.

ಮಕ್ಕಳು ಸ್ವಲ್ಪ ಹೊತ್ತು ಕಾದರು. ಆಮೇಲೆ ವಕೀಲ, "ಬರೋದಾದ್ರೆ ಇಷ್ಟೊತ್ತಿಗೆ ಬರ್ತಿದ್ಲು" ಎಂದು ತಂಗಿಯ ಕೈಹಿಡಿದು ಹೊರಟ. ಗುಬ್ಬಿ ಅಪ್ಪನ ಹತ್ತಿರ ಬಂದಳು. ಬಿಚ್ಚಿದ ಟೆಂಟಿನ ಬಟ್ಟೆಯ ಒಂದು ತುದಿ ಹಿಡಿದುಕೊಂಡಳು.

ಬಿಡು ಮರಿ, ಅದೇನು ದೊಡ್ಡ ವಿಷಯ ಎನ್ನುವ ಮಾತು ಅವನ ನಾಲಿಗೆಯ ತುದಿಯಲ್ಲಿತ್ತು. ಮಗಳ ಮುಖ ನೋಡಿದ. ಬಲಗಡೆ ತುಟಿ ಬಿಗಿದುಕೊಂಡಿತ್ತು.

"ನನಗೆ ಕೋಪ ಬಂತು" ಎಂದ.

"ನನಗೂ" ಎಂದಳು ಗುಬ್ಬಿ.

ಇಬ್ಬರೂ ಬಟ್ಟೆಯನ್ನು ಕೊಡವಿದರು. ಎರಡು ದಿನದ ಮಣ್ಣು, ಒಣ ಎಲೆ ಎಲ್ಲ ಗಾಳಿಗೆ ಹಾರಿತು. ಅವನು ತನ್ನ ತುದಿ ಹಿಡಿದು ಅವಳತ್ತ ನಡೆದ, ಅವಳು ತನ್ನ ತುದಿ ಹಿಡಿದು ಅವನತ್ತ ಬಂದಳು. ಮಡಿಕೆ ಸರಿಯಾಗಲಿಲ್ಲವೆಂದು ಅವಳೇ ಬಿಚ್ಚಿಸಿ, ಮೊದಲಿನಿಂದ ಹಿಡಿ ಎಂದಳು.